ಕೈಯಾಗ ನಾಕು ಎಡಬ್ಲ್ಯೂಎಸ್ (ಅಮೆಜಾನ್ ಕ್ಲೌಡ್) ಐಡಿ ಅವ, ಸರ್ವರ್ ಮಾತ್ರ ಕಾಣವಲ್ದು. ಯಾವುದರಿಂದ ಲಾಗಿನ್ ಆಗ್ಬೇಕು?

ಧಾರವಾಡ_ಟು_ಪುಣೆ

ಎಲ್ಲಾರಿಗೂ ನಮಸ್ಕಾರ. ನಾ ಇರೂದು ಪುಣೆ ಬಾಣೇರದಾಗ, ಊರು ಧಾರವಾಡ ಹತ್ರ. ಇಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ ಸೇರೀನಿ, ಟ್ರಾನ್ಸ್‌ಪೋರ್ಟ್‌ನವ್ರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿ ಕೊಡ್ತಾರ. ಡೆವಲಪರ್ ಅಂತ ತಗೊಂಡ್ರು, ಆದ್ರ ಸರ್ವರ್ ನೋಡ್ಕೋತಿದ್ದವ್ರು ಕೆಲಸ ಬಿಟ್ಟು ಹೋಗಿದ್ದಕ್ಕ ಈಗ ಅದೂ ನನ್ನ ಪಾಲಿಗೆ ಬಂದದ.

ಕೈಯಾಗ ಏನೇನದ ಅಂದ್ರ, ಒಂದು ಎಕ್ಸೆಲ್ ಶೀಟಿನ್ಯಾಗ "ಮೇನ್ ಲಾಗಿನ್" ಅಂತ ಒಂದು ಇಮೇಲು ಪಾಸ್‌ವರ್ಡು ಬರದಾರ, ಅದು ಬಿಟ್ಟು ಹೋದವ್ರ ಆಫೀಸ್ ಇಮೇಲ್. ಅದೇ ಶೀಟಿನ್ಯಾಗ ಕೆಳಗ 12 ಅಂಕಿದೊಂದು ನಂಬರ್, ಅದರ ಬಾಜೂಕ ನನ್ನ ಹೆಸರಿಂದು ಯೂಸರ್‌ನೇಮ್ ಮತ್ತ ಪಾಸ್‌ವರ್ಡ್. ಆಮ್ಯಾಲೆ ಮುಂಬೈ ಅಂಧೇರಿಯ ಕ್ಲೈಂಟ್ ಕಡಿಂದ ಒಂದು ಇನ್ವಿಟೇಶನ್ ಮೇಲ್ ಬಂದದ, ಅದರಾಗಿನ ಲಿಂಕ್ 'ಡಿ ಹೈಫನ್' ಅಂತ ಶುರುವಾಗಿ 'ಎಡಬ್ಲ್ಯೂಎಸ್ಆಪ್ಸ್ ಡಾಟ್ ಕಾಮ್' ಅಂತ ಅದ. ಇವು ಸಾಲದು ಅಂತ ಹಿಂದ ನಾನ ಕೋರ್ಸ್ ಕಲಿಯೂ ಸಲುವಾಗಿ ಮಾಡ್ಕೊಂಡಿದ್ದ ಬಿಲ್ಡರ್ ಐಡಿ.

ಈಗ ಕನ್ಸೋಲ್ (ಸರ್ವರ್ ನೋಡ್ಕೊಳ್ಳೂ ವೆಬ್‌ಸೈಟ್) ಪೇಜಿಗೆ ಹೋಗಿ ನನ್ನ ಆಫೀಸ್ ಇಮೇಲ್ ಹಾಕಿದ್ರ ಅಕೌಂಟೇ ಇಲ್ಲಂತದ. ಕ್ಲೈಂಟ್ ಕಡಿಂದ ಬಂದ ಯೂಸರ್‌ನೇಮ್ ಹಾಕಿದ್ರ ಮಾಹಿತಿ ತಪ್ಪದ ಅಂತ ಕೆಂಪು ಅಕ್ಷರ. ಬಿಲ್ಡರ್ ಐಡಿಯಿಂದ ಲಾಗಿನ್ ಆಗ್ತದ ಖರೆ, ಆದ್ರ ಒಳಗ ಸರ್ವರ್ ಅನ್ನೂದೇ ಇಲ್ಲ. ಸಾಹೇಬ್ರು "ಮೇನ್ ಲಾಗಿನ್ ಹಾಕ್ಕೊಂಡ್ ಕೆಲಸ ಮಾಡು" ಅಂತಾರ, ಅದು ಎಂಎಫ್ಎ ಕೋಡ್ (ಪಾಸ್‌ವರ್ಡ್ ಆದ ಮ್ಯಾಲೆ ಎರಡನೇ ಗುರುತು) ಕೇಳ್ತದ, ಕೋಡ್ ಬರೂದು ಬಿಟ್ಟು ಹೋದವ್ರ ಫೋನಿನ್ಯಾಗ. ಸರ್ವರಿನ ಡಿಸ್ಕ್ ತುಂಬ್ಲಿಕ್ಕೆ ಬಂದದ, ಮಾನಿಟರಿಂಗ್ ಮೇಲ್ ಬರ್ಲಿಕತ್ತಾವ. ಹೊಸಾ ಅಕೌಂಟ್ ಮಾಡಿಬಿಡ್ಲಿ ಏನು? ಯಾರರ ಬಿಡಿಸಿ ಹೇಳ್ರಿ.

ಡೊಂಬಿವ್ಲಿ_ಕರಾವಳಿ

ಹೊಸ ಅಕೌಂಟ್ ಮಾತ್ರ ಮಾಡ್ಬೇಡಿ ಮಾರಾಯ್ರೇ. ಹೊಸತು ಮಾಡಿದ್ರೆ ಅದು ಖಾಲಿ ಅಕೌಂಟ್ ಆಗ್ತದೆ ಅಷ್ಟೆ, ನಿಮ್ಮ ಸರ್ವರ್ ಹಳೆ ಅಕೌಂಟಲ್ಲೇ ಉಳೀತದೆ, ಮೇಲಿಂದ ಇನ್ನೊಂದು ಕಾರ್ಡಿಗೆ ಬಿಲ್ ಬರ್ಲಿಕ್ಕೆ ಶುರು.

ನಿಮ್ಮ ಪಾಸ್‌ವರ್ಡ್ ಎಲ್ಲ ಸರಿ ಉಂಟು, ನೀವು ಹಾಕುವ ಜಾಗ ಬೇರೆ ಅಷ್ಟೆ. ದಾದರ್ ಸ್ಟೇಷನ್ ನೋಡಿ, 2023ರ ಡಿಸೆಂಬರ್‌ವರೆಗೆ ವೆಸ್ಟರ್ನ್ ಲೈನಿಗೂ ಒಂದನೇ ನಂಬರ್ ಪ್ಲಾಟ್‌ಫಾರ್ಮ್ ಇತ್ತು ಸೆಂಟ್ರಲ್ ಲೈನಿಗೂ ಒಂದನೇ ನಂಬರ್ ಇತ್ತು, ಹೊಸಬ್ರು ಸರಿಯಾದ ನಂಬರಲ್ಲೇ ನಿಂತು ಟ್ರೈನ್ ತಪ್ಪಿಸಿಕೊಳ್ತಿದ್ರು. ಎಡಬ್ಲ್ಯೂಎಸ್‌ನಲ್ಲಿ ಹಾಗೆಯೇ, "ಯೂಸರ್" ಎಂಬ ಒಂದೇ ಹೆಸರಿನ ಕೆಳಗೆ ನಾಲ್ಕೈದು ಜಾತಿ ಉಂಟು, ಪ್ರತಿಯೊಂದಕ್ಕೆ ಲಾಗಿನ್ ಪೇಜ್ ಬೇರೆ. ಹಾಗಾಗಿ ಮೊದಲು ಕೇಳ್ಬೇಕಾದ್ದು "ನನ್ನನ್ನು ಒಳಗೆ ಸೇರಿಸಿದ್ದು ಯಾರು, ಹೇಗೆ ಸೇರಿಸಿದ್ರು" ಅಂತ. ಅದು ಗೊತ್ತಾದ್ರೆ ಪೇಜ್ ಯಾವುದು ಅಂತ ತನ್ನಿಂತಾನೇ ಗೊತ್ತಾಗ್ತದೆ.

ನಿಮ್ಮ ಎಕ್ಸೆಲಿನ "ಮೇನ್ ಲಾಗಿನ್" ಉಂಟಲ್ಲ, ಅದು ರೂಟ್ ಯೂಸರ್. ಅಕೌಂಟ್ ತೆರೆಯುವಾಗ ಕೊಟ್ಟ ಇಮೇಲೇ ಅದರ ಹೆಸರು, ಒಂದು ಅಕೌಂಟಿಗೆ ಒಂದೇ ರೂಟ್. ಅದರ ವಿಷಯ ಬೇರೆ ಯಾರಾದ್ರೂ ಹೇಳಲಿ, ಅದೇ ಒಂದು ದೊಡ್ಡ ಕಥೆ ಆಗ್ತದೆ. ನೀವು ನಿಮ್ಮ ಆಫೀಸ್ ಇಮೇಲ್ ಹಾಕಿದ್ದು ಈ ರೂಟ್ ಇಮೇಲ್ ಕೇಳುವ ಜಾಗದಲ್ಲಿ, ನಿಮ್ಮ ಇಮೇಲಿಂದ ಯಾರೂ ಅಕೌಂಟ್ ತೆರೆದಿಲ್ಲ ಅಲ್ವಾ, ಹಾಗಾಗಿ ಇಲ್ಲ ಅಂತ ಹೇಳಿತು.

12 ಅಂಕಿಯ ನಂಬರ್ ಅಂದ್ರೆ ಅಕೌಂಟ್ ಐಡಿ. ಅದರ ಜೊತೆ ಯೂಸರ್‌ನೇಮ್ ಪಾಸ್‌ವರ್ಡ್ ಕೊಟ್ಟಿದ್ದಾರೆ ಅಂದ್ರೆ ನೀವು ಐಎಎಂ ಯೂಸರ್, ಅಂದ್ರೆ ಆ ಅಕೌಂಟಿನ ಒಳಗೆ ನಿಮಗೆ ಅಂತ ಮಾಡಿ ಕೊಟ್ಟ ಲಾಗಿನ್. ನಿಮ್ಮ ಕಂಪನಿಯ ಸರ್ವರಿಗೆ ಇವತ್ತೇ ಹೋಗ್ಲಿಕ್ಕೆ ಇದೇ ದಾರಿ. ಐಎಎಂ ಯೂಸರ್ ಎಂಬ ಪೇಜಲ್ಲಿ ಮೂರು ಖಾನೆ ಇರ್ತದೆ, ಮೊದಲನೆಯದಕ್ಕೆ ಆ 12 ಅಂಕಿ, ಮಧ್ಯೆ ಹೈಫನ್ ಗಿಯ್‌ಫನ್ ಬೇಡ, ಎರಡನೆಯದಕ್ಕೆ ಯೂಸರ್‌ನೇಮ್, ಮೂರನೆಯದಕ್ಕೆ ಪಾಸ್‌ವರ್ಡ್. ಯೂಸರ್‌ನೇಮ್ ಅಂದ್ರೆ ಇಮೇಲ್ ಆಗ್ಬೇಕು ಅಂತಿಲ್ಲ, ಶೀಟಲ್ಲಿ ಹೇಗೆ ಉಂಟೋ ಹಾಗೆಯೇ ಹಾಕಿ. ಕೆಲವು ಕಡೆ 12 ಅಂಕಿಯ ಬದಲು ಕಂಪನಿಯ ಹೆಸರಲ್ಲಿ ಒಂದು ಏಲಿಯಾಸ್ ಇಟ್ಟಿರ್ತಾರೆ, ಅದನ್ನೂ ಅದೇ ಖಾನೆಗೆ ಹಾಕ್ಬಹುದು. ಮೊದಲ ಸಲ ಒಳಗೆ ಹೋದ ಕೂಡ್ಲೇ ಹೊಸ ಪಾಸ್‌ವರ್ಡ್ ಇಡಿ ಅಂತ ಹೇಳ್ತದೆ ಸಾಮಾನ್ಯವಾಗಿ, ಹೆದರ್ಬೇಡಿ. ಇದರ ಪಾಸ್‌ವರ್ಡ್ ಮರ್ತರೆ ನೀವಾಗಿ ಇಮೇಲಿಂದ ರಿಸೆಟ್ ಮಾಡ್ಲಿಕ್ಕೆ ಬರುದಿಲ್ಲ, ಅಕೌಂಟಿನ ಅಡ್ಮಿನ್ ಮಾಡಿ ಕೊಡ್ಬೇಕು, ಇದು ಗೊತ್ತಿಲ್ಲದೆ ಜನ ಗಂಟೆಗಟ್ಟಲೆ ಮೇಲ್ ಕಾಯ್ತಾರೆ.

ಕ್ಲೈಂಟ್ ಕಡೆಯ ಲಿಂಕ್ ಬೇರೆಯೇ. ಎಡಬ್ಲ್ಯೂಎಸ್ಆಪ್ಸ್ ಅಂತ ಕಂಡ್ರೆ ಅದು ಐಡೆಂಟಿಟಿ ಸೆಂಟರ್, ಹಲವು ಅಕೌಂಟಿಗೆ ಒಂದೇ ಲಾಗಿನ್ ಕೊಡುವ ವ್ಯವಸ್ಥೆ. ಹಳೆ ನೋಟ್ಸಲ್ಲಿ ಇದಕ್ಕೆ ಎಸ್ಎಸ್ಒ (ಸಿಂಗಲ್ ಸೈನ್ ಆನ್) ಅಂತ ಬರೆದಿರ್ತಾರೆ, 2022ರ ಜುಲೈಯಲ್ಲಿ ಹೆಸರು ಬದಲಾದ್ದು. ಅದರ ಯೂಸರ್‌ನೇಮ್ ಮಾಮೂಲಿ ಕನ್ಸೋಲ್ ಪೇಜಲ್ಲಿ ನಡೆಯುದೇ ಇಲ್ಲ, ನೀವು ಕೆಂಪು ಅಕ್ಷರ ನೋಡಿದ್ದು ಅದಕ್ಕೇ. ಮೇಲಲ್ಲಿರುವ ಲಿಂಕೇ ಅದರ ಬಾಗಿಲು. ಇನ್ವಿಟೇಶನ್ 7 ದಿನ ಮಾತ್ರ ನಡೀತದೆ, ಅವಧಿ ಮುಗಿದ್ರೆ ಕ್ಲೈಂಟಿನ ಅಡ್ಮಿನ್ ಹತ್ರ ಇನ್ನೊಮ್ಮೆ ಕಳಿಸ್ಲಿಕ್ಕೆ ಹೇಳಿ. ಒಳಗೆ ಹೋದ್ರೆ ನಿಮಗೆ ಕೊಟ್ಟಿರುವ ಅಕೌಂಟುಗಳ ಪಟ್ಟಿ, ಪ್ರತಿ ಅಕೌಂಟಿನ ಕೆಳಗೆ ಯಾವ ಅಧಿಕಾರದಲ್ಲಿ ಹೋಗ್ಬಹುದು ಎಂಬುದು ಕಾಣ್ತದೆ, ಅದನ್ನು ಒತ್ತಿದ್ರೆ ಕನ್ಸೋಲ್ ತೆರೀತದೆ.

ಬಿಲ್ಡರ್ ಐಡಿ ನಿಮ್ಮ ಸ್ವಂತದ್ದು, ಕೋರ್ಸ್ ಮಾಡ್ಲಿಕ್ಕೆ, ಪ್ರಶ್ನೆ ಕೇಳ್ಲಿಕ್ಕೆ, ಕೋಡಿಂಗ್ ಟೂಲ್ ಬಳಸ್ಲಿಕ್ಕೆ. ಅದಕ್ಕೂ ಯಾವ ಎಡಬ್ಲ್ಯೂಎಸ್ ಅಕೌಂಟಿಗೂ ಸಂಬಂಧ ಇಲ್ಲ, ಹಾಗಾಗಿ ಅಲ್ಲಿ ಸರ್ವರ್ ಹುಡುಕಿ ಪ್ರಯೋಜನ ಇಲ್ಲ. ಕೆಲಸ ಬಿಟ್ಟರೂ ಅದು ನಿಮ್ಮ ಜೊತೆಗೇ ಬರ್ತದೆ, ಹಾಗಾಗಿ ಅದಕ್ಕೆ ಆಫೀಸ್ ಇಮೇಲ್ ಕೊಡುದಕ್ಕಿಂತ ನಿಮ್ಮದೇ ಇಮೇಲ್ ಕೊಡಿ.

ಮತ್ತೊಂದು, ಒಳಗೆ ಹೋದ ಮೇಲೆ "ಇಲ್ಲಿ ಸರ್ವರೇ ಇಲ್ಲ" ಅಂತ ಗಾಬರಿ ಆಗ್ಬೇಡಿ, ಬಲಗಡೆ ಮೇಲೆ ರೀಜನ್ (ಸರ್ವರ್ ಇರುವ ಪ್ರದೇಶ) ಯಾವುದು ಉಂಟು ನೋಡಿ. ಅಮೆರಿಕದ ವರ್ಜಿನಿಯಾ ಅಂತ ಇದ್ರೆ ಮುಂಬೈಗೆ ಬದಲಾಯಿಸಿ. 2016ರಲ್ಲಿ ಮುಂಬೈ ರೀಜನ್ ಬಂದಾಗಿಂದ ಇಲ್ಲಿಯ ಕಂಪನಿಗಳ ಸರ್ವರ್ ಹೆಚ್ಚಾಗಿ ಅಲ್ಲೇ ಇರುದು. ಈಗ ಹೈದರಾಬಾದ್ ಕೂಡ ಉಂಟು, 2022ರಲ್ಲಿ ಆದದ್ದು, ಮುಂಬೈಯಲ್ಲಿ ಸಿಗದಿದ್ರೆ ಅಲ್ಲಿಯೂ ನೋಡಿ.

ಪೊಂಡಾ_ಮಲೆನಾಡು

ಮೇಲಿನವರು ಪೂರ್ತಿ ಬಿಡಿಸಿ ಹೇಳಿದ್ದಾರೆ. ನಾನು ರೂಟ್ ಬಗ್ಗೆ ಮಾತ್ರ ಬರೀತೀನಿ, ಯಾಕಂದ್ರೆ ಇಲ್ಲಿ ಗೋವಾದಲ್ಲಿ ಸಣ್ಣ ಸಣ್ಣ ಹೋಟೆಲ್ ಬುಕಿಂಗ್ ಕಂಪನಿಗಳಿಗೆ ನಾನು ಇದೇ ಕೆಲಸ ಮಾಡಿಕೊಡೋದು, ಹೆಚ್ಚಿನ ಕಡೆ ಪರಿಸ್ಥಿತಿ ನಿಮ್ಮದೇ ಥರ, ರೂಟ್ ಇಮೇಲ್ ಯಾರೋ ಒಬ್ಬರ ಹೆಸರಲ್ಲಿ, ಕೋಡ್ ಅವರ ಫೋನಲ್ಲಿ, ಅವರು ಊರಲ್ಲೇ ಇಲ್ಲ.

ನಿಮ್ಮ ಸಾಹೇಬ್ರಿಗೆ ದಯವಿಟ್ಟು ತಿಳಿಸಿ ಹೇಳಿ, ರೂಟ್ ದಿನದ ಕೆಲಸಕ್ಕಲ್ಲ. ಅದಕ್ಕೆ ಅಕೌಂಟ್ ಒಳಗಿನಿಂದ ಕಡಿವಾಣ ಹಾಕೋಕೆ ಆಗಲ್ಲ, ಐಎಎಂ ಯೂಸರಿಗೆ "ಇಷ್ಟು ಮಾತ್ರ ಮಾಡು" ಅಂತ ಪಾಲಿಸಿ ಹಾಕಬಹುದು, ರೂಟಿಗೆ ಹಾಗೆ ಪಾಲಿಸಿ ಅಂಟಿಸೋಕೆ ಬರಲ್ಲ. ನಾಳೆ ಯಾರೋ ಸರ್ವರ್ ಅಳಿಸಿದ್ರು ಅಂದ್ಕೊಳ್ಳಿ, ಯಾರು ಏನು ಮಾಡಿದ್ರು ಅಂತ ಬರೆದಿಡೋ ಕ್ಲೌಡ್‌ಟ್ರೇಲ್ ದಾಖಲೆಯಲ್ಲಿ "ರೂಟ್" ಅಂತಷ್ಟೇ ಇರುತ್ತೆ, ಮೂರು ಜನ ಅದೇ ಪಾಸ್‌ವರ್ಡ್ ಹಂಚ್ಕೊಂಡಿದ್ರೆ ಮಾಡಿದ್ದು ಯಾರು ಅಂತ ಹೇಳೋದು ಹೇಗೆ? ಅನುಮಾನ ಕೊನೆಗೆ ಬರೋದು ಹೊಸದಾಗಿ ಸೇರಿದವರ ಮೇಲೆ, ಅಂದ್ರೆ ನಿಮ್ಮ ಮೇಲೆ. ಇದನ್ನ ನಾನು ಗಟ್ಟಿಯಾಗಿ ಹೇಳ್ತಿದೀನಿ ಯಾಕಂದ್ರೆ ಡೆವಲಪರ್‌ಗಳು ಸಂಕೋಚ ಪಟ್ಕೊಂಡು ರೂಟ್ ಪಾಸ್‌ವರ್ಡ್ ಇಸ್ಕೊಂಡು ಕೂತಿರ್ತಾರೆ, ಬೇಡ ಅನ್ನೋ ಹಕ್ಕು ನಿಮಗಿದೆ.

ರೂಟೇ ಬೇಕಾಗೋ ಕೆಲಸ ಬೆರಳೆಣಿಕೆಯಷ್ಟು. ಅಕೌಂಟಿನ ರೂಟ್ ಇಮೇಲ್ ಬದಲಾಯಿಸೋದು, ಅಕೌಂಟ್ ಮುಚ್ಚೋದು, ಅಡ್ಮಿನ್ ತನ್ನ ಅಧಿಕಾರವನ್ನ ತಾನೇ ಕಳ್ಕೊಂಡಿದ್ರೆ ವಾಪಸ್ ಕೊಡೋದು, ಬಿಲ್ಲಿಂಗ್ ಪೇಜನ್ನ ಐಎಎಂ ಯೂಸರ್‌ಗಳಿಗೆ ತೆರೆದಿಡೋದು. ಈ ಕೊನೇದು ನೆನಪಿಟ್ಕೊಳ್ಳಿ, ಪೂರ್ತಿ ಅಡ್ಮಿನ್ ಅಧಿಕಾರ ಇರೋ ಐಎಎಂ ಯೂಸರಿಗೂ ಬಿಲ್ ಕಾಣ್ತಿಲ್ಲ ಅಂದ್ರೆ ರೂಟಿಂದ ಆ ಸ್ವಿಚ್ ಆನ್ ಮಾಡಿಲ್ಲ ಅಂತ ಅರ್ಥ. ಡಿಸ್ಕ್ ದೊಡ್ಡದು ಮಾಡೋಕೆ ರೂಟ್ ಯಾತಕ್ಕೂ ಬೇಕಿಲ್ಲ.

ಈಗ ಆ ಎಂಎಫ್ಎ. ದಾರಿ ಇದೆ. ಇಮೇಲು ಪಾಸ್‌ವರ್ಡು ಹಾಕಿದ ಮೇಲೆ ಕೋಡ್ ಕೇಳೋ ಪೇಜಲ್ಲಿ ಎಂಎಫ್ಎ ತೊಂದರೆಗೆ ಅಂತ ಒಂದು ಲಿಂಕ್ ಇರುತ್ತೆ, ಅದರೊಳಗೆ ಬೇರೆ ವಿಧಾನದಿಂದ ಸೈನ್ ಇನ್ ಆಗೋ ಆಯ್ಕೆ. ಮೊದಲು ಆ ರೂಟ್ ಇಮೇಲಿಗೆ ಒಂದು ಮೇಲ್ ಬರುತ್ತೆ, ಅದನ್ನ ಒಪ್ಪಿದ ಮೇಲೆ ಅಕೌಂಟಲ್ಲಿ ಬರೆಸಿರೋ ಫೋನ್ ನಂಬರಿಗೆ ಕಾಲ್ ಬರುತ್ತೆ, ಸ್ಕ್ರೀನ್ ಮೇಲೆ ಕಾಣೋ ಸಂಖ್ಯೆನ ಫೋನಲ್ಲಿ ಒತ್ತಬೇಕು. ಅಂದ್ರೆ ಆ ಮೇಲ್‌ಬಾಕ್ಸ್ ನಿಮ್ಮ ಕಂಪನಿ ಕೈಯಲ್ಲಿರಬೇಕು, ಆ ಫೋನೂ ಸಿಗಬೇಕು. ಬಿಟ್ಟು ಹೋದವರ ಇಮೇಲನ್ನ ಇನ್ನೂ ಡಿಲೀಟ್ ಮಾಡಿಲ್ಲ ಅಂದ್ರೆ ಇವತ್ತೇ ಫೋನ್ ಮಾಡಿ ಹೇಳಿ, ಯಾರೂ ಅದನ್ನ ಮುಟ್ಟಬಾರದು ಅಂತ. ಮೇಲ್‌ಬಾಕ್ಸ್ ಹೋಯ್ತು ಅಂದ್ರೆ ಎಡಬ್ಲ್ಯೂಎಸ್ ಸಪೋರ್ಟ್ ಜೊತೆ ಮಾಲೀಕತ್ವ ಸಾಬೀತು ಮಾಡ್ತಾ ಕೂರಬೇಕಾಗುತ್ತೆ. ಬಿಟ್ಟು ಹೋದವರು ಒಳ್ಳೆ ಮನಸ್ಸಿಂದ ಹೋಗಿದ್ರೆ ಇನ್ನೂ ಸುಲಭ, ಒಂದು ಫೋನ್ ಮಾಡಿ ಕೋಡ್ ಕೇಳಿ, ಅವರು ಲೈನಲ್ಲಿರೋವಾಗಲೇ ಹೊಸ ಎಂಎಫ್ಎ ಸೇರಿಸಿ ಹಳೇದು ತೆಗೀರಿ.

ಒಳಗೆ ಹೋದ ಮೇಲೆ ಮಾಡಬೇಕಾದ್ದು ರೂಟ್ ಇಮೇಲನ್ನ ಒಬ್ಬರ ಹೆಸರಿಂದ ತೆಗೆದು ಕಂಪನಿಯ ಗ್ರೂಪ್ ಇಮೇಲಿಗೆ ಬದಲಾಯಿಸೋದು, ಎಂಎಫ್ಎ ಒಂದಲ್ಲ ಎರಡು ಇಡೋದು, ಒಂದು ಸಾಹೇಬ್ರ ಫೋನಲ್ಲಿ, ಇನ್ನೊಂದು ಆಫೀಸ್ ಕಪಾಟಲ್ಲಿ ಬೀಗ ಹಾಕಿರೋ ಸೆಕ್ಯೂರಿಟಿ ಕೀ. ಎಂಟರವರೆಗೂ ಸೇರಿಸಬಹುದು. ಎಂಎಫ್ಎ ತೆಗೆದುಬಿಡೋಣ ಅಂತ ಸಾಹೇಬ್ರು ಅಂದ್ರೆ ಅದು ಆಗದ ಮಾತು, 2024ರಿಂದ ರೂಟಿಗೆ ಎಂಎಫ್ಎ ಕಡ್ಡಾಯ ಮಾಡ್ತಾ ಬಂದಿದ್ದಾರೆ. ರೂಟ್ ಹೆಸರಲ್ಲಿ ಆಕ್ಸೆಸ್ ಕೀ (ಸ್ಕ್ರಿಪ್ಟ್, ಪ್ರೋಗ್ರಾಂಗಳು ಲಾಗಿನ್ ಬದಲು ಬಳಸೋ ಗುಪ್ತ ಕೀ) ಇದ್ಯಾ ಅಂತನೂ ನೋಡಿ, ಇದ್ರೆ ಅದು ಎಲ್ಲಿ ಬಳಕೆಯಲ್ಲಿದೆ ಅಂತ ಹುಡುಕಿ ತೆಗೆಸಿ.

ಥಾಣೆ_ಕನ್ನಡ

ಒಂದು ಮಾತು ಸೇರಿಸ್ತೀನಿ, ಲಾಗಿನ್ ಪೇಜನ್ನ ಗೂಗಲ್‌ನಲ್ಲಿ ಹುಡುಕಿ ಮೊದಲು ಬಂದ ಲಿಂಕ್ ಒತ್ತೋ ಅಭ್ಯಾಸ ಬೇಡ. 2023ರ ಶುರುವಿನಲ್ಲಿ ಎಡಬ್ಲ್ಯೂಎಸ್ ಲಾಗಿನ್ ಅಂತ ಹುಡುಕಿದ್ರೆ ಜಾಹೀರಾತಿನ ರೂಪದಲ್ಲಿ ನಕಲಿ ಪೇಜ್ ಬರ್ತಿತ್ತು, ನೋಡೋಕೆ ಥೇಟ್ ಅದೇ. ಅಕೌಂಟ್ ಐಡಿ ಸೇರಿರೋ ಲಿಂಕನ್ನ ಬುಕ್‌ಮಾರ್ಕ್ ಮಾಡಿ, ಕ್ಲೈಂಟಿನ ಪೋರ್ಟಲ್ ಲಿಂಕನ್ನ ಬೇರೆಯಾಗಿ ಬುಕ್‌ಮಾರ್ಕ್ ಮಾಡಿ.

ಕ್ಲೈಂಟ್ ಪೋರ್ಟಲ್ ಒತ್ತಿದ ಕೂಡಲೇ ಮೈಕ್ರೋಸಾಫ್ಟ್ ಅಥವಾ ಗೂಗಲ್ ಲಾಗಿನ್ ಪೇಜಿಗೆ ಹಾರಿದ್ರೆ ಅಚ್ಚರಿ ಪಡಬೇಡಿ, ಅವರು ಹೊರಗಿನ ಐಡೆಂಟಿಟಿ ಪ್ರೊವೈಡರ್ ಜೋಡಿಸಿದ್ದಾರೆ ಅಂತ ಅರ್ಥ. ಆಗ ನಿಮಗೆ ಎಡಬ್ಲ್ಯೂಎಸ್ ಪಾಸ್‌ವರ್ಡ್ ಅನ್ನೋದೇ ಇರಲ್ಲ, ಮರೆತರೂ ರಿಸೆಟ್ ಅಲ್ಲೇ, ಅವರ ಐಟಿ ವಿಭಾಗದಲ್ಲೇ. ಅಲ್ಲಿ ರೂಟ್ ಕೇಳೋಕೂ ಹೋಗಬೇಡಿ, ದೊಡ್ಡ ಕಂಪನಿಗಳು 2024ರ ಕೊನೆಯಿಂದ ಒಳಗಿನ ಅಕೌಂಟುಗಳ ರೂಟ್ ಪಾಸ್‌ವರ್ಡನ್ನೇ ತೆಗೆದು ಒಂದೇ ಕಡೆಯಿಂದ ನೋಡ್ಕೊಳ್ಳೋ ವ್ಯವಸ್ಥೆ ಬಳಸ್ತಿವೆ.

ಪಿಂಪ್ರಿ_ಬೀದರ್

ನನ್ನ ಅಭಿಪ್ರಾಯ ಸ್ವಲ್ಪ ಬ್ಯಾರೆ. ಹತ್ತು ಹನ್ನೆರಡು ಮಂದಿ ಕಂಪನಿಗೆ ಐಡೆಂಟಿಟಿ ಸೆಂಟರ್ ಗಿಡೆಂಟಿಟಿ ಸೆಂಟರ್ ಯಾಕ್ರಿ, ಒಬ್ಬೊಬ್ಬರಿಗೆ ಒಂದೊಂದು ಐಎಎಂ ಯೂಸರ್ ಮಾಡಿ ಎಂಎಫ್ಎ ಹಚ್ಚಿ ಕೊಟ್ರ ಕೆಲಸ ಮುಗೀತು. ಹೊಸಾ ಹುಡುಗ್ರಿಗೆ ಮೂರು ಖಾನೆ ಪೇಜ್ ತಿಳಿಸೂದೇ ಸರಳ.

ಡೊಂಬಿವ್ಲಿ_ಕರಾವಳಿ

ಪಿಂಪ್ರಿಯವರೇ, ಇದನ್ನು ನಾನು ಒಪ್ಪುದಿಲ್ಲ. ಐಡೆಂಟಿಟಿ ಸೆಂಟರಿಗೆ ಪ್ರತ್ಯೇಕ ದುಡ್ಡಿಲ್ಲ, ಅದು ಉಚಿತ. ಐಎಎಂ ಯೂಸರಿನ ದೊಡ್ಡ ತೊಂದರೆ ಅಂದ್ರೆ ಅದರ ಆಕ್ಸೆಸ್ ಕೀ ನೀವಾಗಿ ತೆಗೆಯುವವರೆಗೆ ಜೀವಂತ ಇರ್ತದೆ, ಯಾರೋ ಕೋಡ್ ಜೊತೆ ಗಿಟ್‌ಹಬ್‌ಗೆ (ಕೋಡ್ ಹಂಚುವ ಸೈಟ್) ಹಾಕಿದ್ರೆ ಕ್ಷಣದಲ್ಲಿ ಬೇರೆಯವರ ಕೈ ಸೇರ್ತದೆ. ಐಡೆಂಟಿಟಿ ಸೆಂಟರಿಂದ ಬರುವ ಕೀ ಕೆಲವು ಗಂಟೆಯಲ್ಲಿ ಸಾಯ್ತದೆ. ಒಬ್ಬರು ಕೆಲಸ ಬಿಟ್ಟರೆ ಒಂದೇ ಜಾಗದಲ್ಲಿ ಹೆಸರು ತೆಗೆದ್ರೆ ಸಾಕು, ನಾಳೆ ಟೆಸ್ಟಿಂಗಿಗೆ ಎರಡನೇ ಅಕೌಂಟ್ ತೆಗೆದ್ರೂ ಅದೇ ಲಾಗಿನ್. ಈ ಪ್ರಶ್ನೆ ಕೇಳಿದವರ ಪರಿಸ್ಥಿತಿ ಬಂದದ್ದೇ ಬಿಟ್ಟು ಹೋದವರ ಹೆಸರು ಎಲ್ಲೆಲ್ಲೋ ಉಳಿದದ್ದಕ್ಕೆ ಅಲ್ವಾ. ಸಣ್ಣ ಕಂಪನಿ ಇರುವಾಗಲೇ ಮಾಡುದು ಸುಲಭ, ದೊಡ್ಡದಾದ ಮೇಲೆ ಯಾರೂ ಕೈ ಹಾಕುದಿಲ್ಲ.

ಧಾರವಾಡ_ಟು_ಪುಣೆ

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. 12 ಅಂಕಿ ಹಾಕಿ ಐಎಎಂ ಪೇಜಿಂದ ಹೋದೆ, ಪಟ್ನ ಒಳಗ ಬಿಟ್ತು, ರೀಜನ್ ವರ್ಜಿನಿಯಾ ಇತ್ತು, ಮುಂಬೈ ಮಾಡಿದ್ ಕೂಡ್ಲೇ ಸರ್ವರ್ ಕಂಡ್ತು. ಕ್ಲೈಂಟ್ ಪೋರ್ಟಲ್ಲೂ ತೆರೀತು, ಅಲ್ಲಿ ಎರಡು ಅಕೌಂಟ್ ಕಾಣ್ತಾವ, ಒಂದರಾಗ ಬರೇ ನೋಡೂ ಅಧಿಕಾರ. ರೂಟ್ ಮೇಲ್‌ಬಾಕ್ಸ್ ಇನ್ನೂ ಅದ, ಅಕೌಂಟಿನ ಫೋನ್ ನಂಬರ್ ಸಾಹೇಬ್ರದೇ ಅಂತ, ಅವರ ಮುಂದ ಕೂತು ಮಾಡೂದಂತ ಮಾತಾಗೇದ.

ಈಗ ಎರಡು ಸಂಶಯ ಅವ. ಕ್ಲೈಂಟ್ ಪೋರ್ಟಲಿಂದ ಕನ್ಸೋಲ್ ತೆರದ್ರ ಒಂದು ತಾಸಿಗೆ ಹೊರಗ ಹಾಕ್ತದ, ಅದು ಯಾಕ? ಮತ್ತ ನಮ್ಮ ಅಕೌಂಟೂ ಅವರದೂ ಒಂದೇ ಬ್ರೌಸರಿನ್ಯಾಗ ತೆರದ್ರ ಯಾವುದರಾಗ ಅದೀನಿ ಅನ್ನೂದೇ ತಿಳೀವಲ್ದು, ಅವರ ಸರ್ವರಿನ್ಯಾಗ ಏನರ ಒತ್ತಿಬಿಟ್ಟೆ ಅಂದ್ರ ಕಷ್ಟ.

ಥಾಣೆ_ಕನ್ನಡ

ಒಂದು ಗಂಟೆ ಅನ್ನೋದು ಪರ್ಮಿಶನ್ ಸೆಟ್‌ನ (ಪೋರ್ಟಲ್ ಮೂಲಕ ನಿಮಗೆ ಕೊಟ್ಟಿರೋ ಅಧಿಕಾರ) ಡೀಫಾಲ್ಟ್ ಅವಧಿ, 12 ಗಂಟೆವರೆಗೆ ಏರಿಸಬಹುದು, ಆದರೆ ಅದು ಕ್ಲೈಂಟಿನ ಅಡ್ಮಿನ್ ಕೈಯಲ್ಲಿ. ಪೋರ್ಟಲ್ ತಾನೇ ಸಾಮಾನ್ಯವಾಗಿ 8 ಗಂಟೆ ಇರುತ್ತೆ, ಹಾಗಾಗಿ ಹೊರಗೆ ಬಿದ್ದಾಗ ಪಾಸ್‌ವರ್ಡ್ ಮತ್ತೆ ಹಾಕೋದು ಬೇಡ, ಪೋರ್ಟಲಿಗೆ ಹೋಗಿ ಅದೇ ಅಕೌಂಟ್ ಇನ್ನೊಮ್ಮೆ ಒತ್ತಿ. ಟರ್ಮಿನಲ್‌ನಲ್ಲಿ ಕೆಲಸ ಇದ್ರೆ 'ಎಡಬ್ಲ್ಯೂಎಸ್ ಕಾನ್ಫಿಗರ್ ಎಸ್ಎಸ್ಒ' ಒಂದು ಸಲ, ಆಮೇಲೆ ಬೇಕಾದಾಗೆಲ್ಲ 'ಎಡಬ್ಲ್ಯೂಎಸ್ ಎಸ್ಎಸ್ಒ ಲಾಗಿನ್'. ಹೆಸರು ಬದಲಾದ್ರೂ ಕಮಾಂಡಲ್ಲಿ ಎಸ್ಎಸ್ಒ ಅಂತಲೇ ಉಳಿದಿದೆ.

ಯಾವುದರಲ್ಲಿದ್ದೀನಿ ಅನ್ನೋದಕ್ಕೆ ಬಲ ಮೂಲೆ ನೋಡಿ. ಯೂಸರ್‌ನೇಮ್, ಅಟ್ ಗುರುತು, ಅಕೌಂಟ್ ಅಂತ ಇದ್ರೆ ಐಎಎಂ ಯೂಸರ್. ಮೊದಲು ಅಧಿಕಾರದ ಹೆಸರು, ಸ್ಲ್ಯಾಶ್, ಆಮೇಲೆ ನಿಮ್ಮ ಹೆಸರು ಅಂತ ಇದ್ರೆ ಪೋರ್ಟಲ್ ಮೂಲಕ ಬಂದಿದ್ದೀರಿ. ಟರ್ಮಿನಲ್‌ನಲ್ಲಾದ್ರೆ 'ಎಡಬ್ಲ್ಯೂಎಸ್ ಎಸ್‌ಟಿಎಸ್ ಗೆಟ್ ಕಾಲರ್ ಐಡೆಂಟಿಟಿ', ಬರೆಯೋವಾಗ ಕೊನೆಯ ಮೂರು ಪದಕ್ಕೆ ಮಧ್ಯೆ ಹೈಫನ್. ಅದರ ಉತ್ತರದಲ್ಲಿ 12 ಅಂಕಿ ಬರುತ್ತೆ, ಯೂಸರಾ, ರೋಲಾ (ತಾತ್ಕಾಲಿಕವಾಗಿ ಸಿಗೋ ಅಧಿಕಾರ), ರೂಟಾ ಅನ್ನೋದೂ ಬರುತ್ತೆ. ಏನನ್ನಾದ್ರೂ ಅಳಿಸೋ ಮುಂಚೆ ಇದೊಂದನ್ನ ಓಡಿಸಿ. 2025ರ ಜನವರಿಯಿಂದ ಒಂದೇ ಬ್ರೌಸರಲ್ಲಿ ಐದು ಸೆಶನ್‌ವರೆಗೆ ಒಟ್ಟಿಗೆ ಇಡಬಹುದು, ಆದರೂ ನಾನು ಕ್ಲೈಂಟಿಗೆ ಬೇರೆ ಬ್ರೌಸರ್ ಪ್ರೊಫೈಲ್ ಇಡ್ತೀನಿ, ಬಣ್ಣನೂ ಬೇರೆ.

ಅಂದ ಹಾಗೆ ಕನ್ಸೋಲ್ ಲಾಗಿನ್ ಬೇರೆ, ಸರ್ವರ್ ಒಳಗಿನ ಲಾಗಿನ್ ಬೇರೆ. ಕನ್ಸೋಲಿಂದ ಡಿಸ್ಕ್ ಸೈಜ್ ಏರಿಸಿದ ಮೇಲೆ ಸರ್ವರ್ ಒಳಗೆ ಹೋಗಿ ಪಾರ್ಟಿಶನ್ನೂ ಫೈಲ್‌ಸಿಸ್ಟಮ್ಮೂ ಹಿಗ್ಗಿಸಬೇಕು. ಅದಕ್ಕೆ ಎಸ್ಎಸ್ಎಚ್ ಕೀ (ಸರ್ವರ್ ಒಳಗೆ ಹೋಗೋ ಕೀ ಫೈಲ್) ಬೇಕು, ಇಲ್ಲಾಂದ್ರೆ ಆ ಕೀ ಇಲ್ಲದೆ ಕನ್ಸೋಲಿಂದಲೇ ಒಳಗೆ ಬಿಡೋ ಸೆಶನ್ ಮ್ಯಾನೇಜರ್ ಹಾಕಿದ್ದಾರಾ ನೋಡಿ. ಮೊದಲು ಸ್ನ್ಯಾಪ್‌ಶಾಟ್ (ಡಿಸ್ಕಿನ ನಕಲು) ತೆಗೀರಿ.

ಧಾರವಾಡ_ಟು_ಪುಣೆ

ಸ್ನ್ಯಾಪ್‌ಶಾಟ್ ತಗೊಂಡೆ, ಡಿಸ್ಕ್ ದೊಡ್ಡದು ಆತು. ಐಎಎಂ ಪಟ್ಟಿ ನೋಡಿದ್ರ ಬಿಟ್ಟು ಹೋದವ್ರ ಯೂಸರ್ ಇನ್ನೂ ಅದ, ಅಡ್ಮಿನ್ ಅಧಿಕಾರ ಸಮೇತ, ಎರಡು ಆಕ್ಸೆಸ್ ಕೀನೂ ಅವ. ಸಾಹೇಬ್ರು ಇವತ್ತ ತೆಗೆದು ಹಾಕು ಅಂತಾರ. ತೆಗೀಲಿ?

ಪೊಂಡಾ_ಮಲೆನಾಡು

ಪಾಸ್‌ವರ್ಡ್ ಲಾಗಿನ್ ಇವತ್ತೇ ಬಂದ್ ಮಾಡಿ, ಅದರಿಂದ ಯಾವುದೂ ನಿಲ್ಲಲ್ಲ. ಕೀಗಳನ್ನ ಮಾತ್ರ ನೇರ ಅಳಿಸಬೇಡಿ. ಪ್ರತಿ ಕೀ ಮುಂದೆ ಕೊನೇ ಸಲ ಯಾವಾಗ, ಯಾವ ಸರ್ವಿಸಿಗೆ ಬಳಕೆ ಆಯ್ತು ಅಂತ ಇರುತ್ತೆ. ನಿನ್ನೆ ರಾತ್ರಿ ಎಸ್3ಗೆ (ಫೈಲ್ ಇಡೋ ಸರ್ವಿಸ್) ಬಳಕೆ ಆಗಿದೆ ಅಂತ ಇದ್ರೆ ನಿಮ್ಮ ಬ್ಯಾಕಪ್ ಸ್ಕ್ರಿಪ್ಟ್ ಅದೇ ಕೀ ಮೇಲೆ ಓಡ್ತಿರಬಹುದು. ತಿಂಗಳುಗಟ್ಟಲೆ ಬಳಕೆ ಇಲ್ಲದ್ದನ್ನ ಮೊದಲು ನಿಷ್ಕ್ರಿಯ ಮಾಡಿ, ತೊಂದರೆ ಆದ್ರೆ ಮತ್ತೆ ಸಕ್ರಿಯ ಮಾಡೋಕೆ ಬರುತ್ತೆ, ಅಳಿಸಿದ್ರೆ ವಾಪಸ್ ಬರಲ್ಲ. ಬಳಕೆಯಲ್ಲಿರೋದಕ್ಕೆ ಸರ್ವರಿಗೇ ಒಂದು ಐಎಎಂ ರೋಲ್ ಅಂಟಿಸಿ ಸ್ಕ್ರಿಪ್ಟಿಂದ ಕೀ ತೆಗೆಯಿರಿ, ರೋಲ್ ಇದ್ರೆ ಫೈಲಲ್ಲಿ ಕೀ ಬರೆದಿಡೋದೇ ಬೇಡ. ಒಂದು ರಾತ್ರಿ ಬ್ಯಾಕಪ್ ಸರಿಯಾಗಿ ಹೋಯ್ತಾ ಅಂತ ನೋಡ್ಕೊಂಡು, ಹಳೇ ಕೀ ನಿಷ್ಕ್ರಿಯ ಮಾಡಿ, ಒಂದೆರಡು ವಾರ ಬಿಟ್ಟು ಆ ಯೂಸರನ್ನೇ ಅಳಿಸಿ.